ಪ್ರೆಷರ್ ವಾಷರ್: ದೋಷಗಳ ಪತ್ತೆ ಮತ್ತು ಪಾಲನೆ

ಠಾಣೆ ಜಿಲ್ಲೆಯ ಠಾಕುರ್ಲಿಗೆ ಸಮೀಪದ ಡೊಂಬಿವಲಿಯಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1960ರ ದಶಕದಲ್ಲಿ ಸ್ಥಾಪಿಸಿದ ಕೈಗಾರಿಕಾ ಪ್ರದೇಶವಿದೆ. ರಾಸಾಯನಿಕ, ಬಣ್ಣ ಹಾಗೂ ಜವಳಿ ಕಾರ್ಖಾನೆಗಳಲ್ಲಿ ತೊಟ್ಟಿ, ನೆಲಗಳಿಗೆ ಅಂಟಿದ ಜಿಡ್ಡನ್ನು ತೆಗೆಯಲು ಪ್ರೆಷರ್ ವಾಷರ್ ಉಪಯುಕ್ತ ಸಾಧನ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಸುಮಾರು 2 ಬಾರ್; ಈ ಯಂತ್ರದಲ್ಲಿ ನೀರಿನ ಒತ್ತಡ ಸಾಮಾನ್ಯವಾಗಿ 100ರಿಂದ 200 ಬಾರ್.

ಒತ್ತಡ ಕುಗ್ಗಿದಾಗ ಪಂಪನ್ನು ಬಿಚ್ಚುವ ಮೊದಲು ನೀರಿನ ಕಡೆಯಿಂದ ಪರೀಕ್ಷೆ ಆರಂಭಿಸುವುದು ಉಚಿತ. ಪೂರೈಕೆ ಸಾಲದಿದ್ದರೆ, ಶೋಧಕದಲ್ಲಿ ಕಸ ಕಟ್ಟಿದ್ದರೆ ಅಥವಾ ಒಳಹರಿವಿನ ಕೊಳವೆಯಲ್ಲಿ ಗಾಳಿ ಸೇರಿದರೆ ಧಾರೆ ತಡೆತಡೆದು ಬರುತ್ತದೆ. ಇವೆಲ್ಲ ಸರಿಯಿದ್ದೂ ಒತ್ತಡ ಏರದಿದ್ದರೆ ನಾಜಲಿನ ರಂಧ್ರ ಸವೆದು ಹಿಗ್ಗಿರಬಹುದು. ಆ ಬಳಿಕವೇ ಪಂಪಿನ ವಾಲ್ವು, ಸೀಲುಗಳತ್ತ ಗಮನ ಹರಿಸಬೇಕು. ಪಂಪಿನ ಎಣ್ಣೆ ಹಾಲಿನಂತೆ ಬೆಳ್ಳಗಾದರೆ ಅದರೊಳಗೆ ನೀರು ಸೇರಿದೆ ಎಂದರ್ಥ. ಸವೆದ ಸೀಲನ್ನು ಹಾಗೆಯೇ ಬಿಟ್ಟು ಎಣ್ಣೆಯನ್ನಷ್ಟೇ ಬದಲಿಸಿದರೆ ಪ್ರಯೋಜನವಿಲ್ಲ.

ಟ್ರಿಗರ್ ಬಿಟ್ಟಾಗ ತಾನಾಗಿ ನಿಲ್ಲದ ಯಂತ್ರವನ್ನು ಬಹಳ ಹೊತ್ತು ಹಾಗೆಯೇ ಓಡಿಸಕೂಡದು. ಅದೇ ನೀರು ಪಂಪಿನಲ್ಲಿ ಸುತ್ತುತ್ತಾ ಕಾದು ಸೀಲುಗಳನ್ನು ಕೆಡಿಸುತ್ತದೆ. ಕೆಲಸ ಮುಗಿದ ಮೇಲೆಯೂ ದುರಸ್ತಿಗೆ ಮುನ್ನವೂ ವಿದ್ಯುತ್ತನ್ನೂ ನೀರನ್ನೂ ನಿಲ್ಲಿಸಿ, ಟ್ರಿಗರ್ ಒತ್ತಿ, ಉಳಿದ ಒತ್ತಡವನ್ನು ಹೊರಬಿಡಬೇಕು.

ಸೋರುವ ಕೊಳವೆಯನ್ನು ಎಂದಿಗೂ ಕೈಯಿಂದ ಮುಟ್ಟಿ ಪರೀಕ್ಷಿಸಬಾರದು. ಧಾರೆಯು ಚರ್ಮವನ್ನು ಭೇದಿಸಿ ಒಳಹೊಗಬಲ್ಲದು. ಹೊರಗೆ ಸೂಜಿಮೊನೆಯಷ್ಟೇ ಗಾಯ ಕಂಡರೂ ಒಳಗೆ ಸ್ನಾಯು, ರಕ್ತನಾಳಗಳಿಗೆ ತೀವ್ರ ಹಾನಿಯಾಗಿರಬಹುದು. ಆದ್ದರಿಂದ ನೋವು ಕಡಿಮೆಯಿದೆಯೆಂದು ಪಟ್ಟಿ ಕಟ್ಟಿ ಕೆಲಸ ಮುಂದುವರಿಸದೆ, ಗಾಯಾಳುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ, ಯಂತ್ರದ ಒತ್ತಡ ಹಾಗೂ ಬಳಸಿದ ರಾಸಾಯನಿಕದ ವಿವರವನ್ನು ವೈದ್ಯರಿಗೆ ತಿಳಿಸತಕ್ಕದ್ದು.