ಹಸಿರು ತೆರೆಯ ವಿದ್ಯೆ

ವಿದ್ಯಾರ್ಥಿಗಳು ಪಾಠದ ವಿಷಯವನ್ನು ಬರೆದೊಪ್ಪಿಸುವುದರ ಜೊತೆಗೆ ವೀಡಿಯೋ ಮಾಡಿ ತೋರಿಸುವ ಪದ್ಧತಿಯು ಈಗ ಬಳಕೆಗೆ ಬಂದಿರುವುದಷ್ಟೆ. ಕಳೆದ ಬೇಸಗೆಯಲ್ಲಿ ನನ್ನ ಮೊಮ್ಮಗಳು ನಡುಮನೆಯ ಗೋಡೆಗೆ ಹಸಿರು ಬಟ್ಟೆಯೊಂದನ್ನು ಕಟ್ಟಿ, ಅದರ ಮುಂದೆ ನಿಂತು ಹಂಪೆಯನ್ನು ವರ್ಣಿಸಿದಳು. ಮರುದಿನ ನೋಡಿದರೆ ಬಟ್ಟೆಯೇ ಇಲ್ಲ. ಹುಡುಗಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ನಿಂತಿರುವಳು!

ಇದರ ಮರ್ಮವಿಷ್ಟೆ: ಚಿತ್ರದಲ್ಲಿ ಆ ಹಸಿರು ಎಲ್ಲೆಲ್ಲಿರುವುದೋ ಅಲ್ಲೆಲ್ಲ ಕಂಪ್ಯೂಟರು ಬೇರೊಂದು ಚಿತ್ರವನ್ನು ತುಂಬುವುದು. ಮನುಷ್ಯನ ಚರ್ಮದಲ್ಲಿ ಕೆಂಪಿನ ಅಂಶವೇ ಹೆಚ್ಚಾದುದರಿಂದ ಹಸಿರನ್ನು ಬೇರ್ಪಡಿಸುವುದು ಸುಲಭ. ಮೇಲಾಗಿ ಡಿಜಿಟಲ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಕೆಂಪು, ನೀಲಿಗಳನ್ನು ಗ್ರಹಿಸಲು ಒಂದೊಂದು ಬಿಂದುವಿದ್ದರೆ ಹಸಿರಿಗೆ ಎರಡಿರುವುವು. ಫಿಲ್ಮಿನ ಕಾಲದಲ್ಲಿ ನೀಲಿ ತೆರೆಯೇ ರೂಢಿಯಲ್ಲಿತ್ತು. ಲ್ಯಾರಿ ಬಟ್ಲರ್ ಎಂಬವರು 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಅದನ್ನು ಬಳಸಿ ಆಸ್ಕರ್ ಬಹುಮಾನವನ್ನು ಪಡೆದರು. ಆ ಚಿತ್ರದಲ್ಲಿ ಕಳ್ಳಹುಡುಗನ ಪಾತ್ರವನ್ನು ವಹಿಸಿದ ಸಾಬು, ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದವನೆಂಬುದು ನಮಗೆ ಸಂತೋಷದ ಸಂಗತಿ.

ಮನೆಯಲ್ಲಿ ಇದನ್ನು ಮಾಡುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಬಟ್ಟೆಗೆ ಹೊಳಪಿರಬಾರದು, ಇಸ್ತ್ರಿ ಮಾಡಿ ಬಿಗಿಯಾಗಿ ಕಟ್ಟಬೇಕು, ಸುಕ್ಕಿದ್ದರೆ ಅದರ ನೆರಳು ಕಲೆಯಾಗಿ ಉಳಿಯುವುದು. ಬಟ್ಟೆಯ ಮೇಲೆಲ್ಲ ಬೆಳಕು ಸಮನಾಗಿ ಬೀಳಬೇಕು. ಮಾತನಾಡುವವರು ಐದಾರು ಅಡಿ ಮುಂದೆ ನಿಲ್ಲತಕ್ಕದ್ದು. ಇಲ್ಲವಾದರೆ ಹಸಿರು ಛಾಯೆಯು ಕೆನ್ನೆಗೂ ಕೂದಲಿಗೂ ಅಡರುವುದು. ಹಿನ್ನೆಲೆಯ ಚಿತ್ರದಲ್ಲಿ ಬಿಸಿಲು ಎಡದಿಂದ ಬಿದ್ದಿದ್ದರೆ ದೀಪವನ್ನೂ ಎಡಕ್ಕೇ ಇಡಬೇಕು. ಹಸಿರು ಉಡುಪು ಸರ್ವಥಾ ಸಲ್ಲದು. ನಮ್ಮ ಹುಡುಗಿ ಮೊದಲ ಸಲ ಗಿಳಿಹಸಿರು ಲಂಗವನ್ನುಟ್ಟು ಸೊಂಟದಿಂದ ಕೆಳಗೆ ಮಾಯವಾಗಿಬಿಟ್ಟಳು!

ವೀಡಿಯೋವನ್ನು ನೋಡಿದ ನೆರೆಮನೆಯಾಕೆ, “ಹಂಪೆಗೆ ಯಾವಾಗ ಹೋಗಿದ್ದೆಯಮ್ಮ?” ಎಂದು ಕೇಳಿದರು. ಹುಡುಗಿ ಸುಮ್ಮನೆ ನಕ್ಕಳು. ಆಕೆಗೆ ಅದೊಂದು ಆಟ; ನನಗೆ ಮಾತ್ರ ಆ ನಗೆಯು ಮನಸ್ಸಿಗೆ ಹಿಡಿಸಲಿಲ್ಲ. ಸುಳ್ಳು ನುಡಿಯದೆಯೂ ಸುಳ್ಳನ್ನು ನಿಲ್ಲಗೊಡುವುದು ಎಷ್ಟು ಸುಲಭ!

ಆ ರಾತ್ರಿ ಅವಳನ್ನು ಬಳಿಯಲ್ಲಿ ಕೂರಿಸಿಕೊಂಡು ಹೇಳಿದೆನು: “ಮಗು, ವೇದಾಂತದಲ್ಲಿ ಅಧ್ಯಾರೋಪ, ಅಪವಾದ ಎಂದು ಎರಡುಂಟು. ಬೋಧನೆಗಾಗಿ ಇಲ್ಲದ್ದನ್ನು ಮೊದಲು ಆರೋಪಿಸುವ ಗುರುವೇ ಕೊನೆಗೆ ಅದನ್ನು ತೆಗೆದುಹಾಕುವನು. ಹಂಪೆಯನ್ನು ನಮ್ಮ ಗೋಡೆಯ ಮೇಲೆ ತಂದವಳು ನೀನು. ತೆಗೆದು ತೋರಿಸುವುದೂ ನಿನ್ನದೇ ಕೆಲಸ.”

ಅವಳು ಕೊಂಚ ಯೋಚಿಸಿ, ಬಟ್ಟೆ, ದೀಪ, ನಡುಮನೆಯ ಗೋಡೆ ಎಲ್ಲವೂ ಕಾಣುವ ದೃಶ್ಯವೊಂದನ್ನು ಕೊನೆಗೆ ಸೇರಿಸಿದಳು. ತರಗತಿಯ ಮಕ್ಕಳು ಅದನ್ನೇ ಮತ್ತೆ ಮತ್ತೆ ಹಾಕಿಸಿ ನೋಡಿದರಂತೆ.

ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸುವ ಹಿರಿಯರು ಈ ಕೊನೆಯ ನಿಯಮವನ್ನೂ ಮರೆಯದೆ ಕಲಿಸಲಿ.