ತೀರಿಕೊಂಡವರೊಡನೆ ತೀರದ ಮಾತು

ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಬಂದು ಸೇರುವ ನೆಂಟರಿಷ್ಟರು, ಬದುಕಿದ್ದಾಗ ಆ ಮನುಷ್ಯನ ಸಿಡುಕಿಗೆ ಹೆದರಿ ಆ ಹೊಸ್ತಿಲನ್ನು ತುಳಿಯದಿದ್ದವರೇ ಆಗಿದ್ದರೂ, ಅಂಗಳದಲ್ಲಿ ಚಪ್ಪಲಿ ಕಳಚುವಷ್ಟರೊಳಗೆ ಗುಣಗಾನಕ್ಕೆ ತೊಡಗುವುದು ನಮ್ಮಲ್ಲಿ ರೂಢಿಯಾಗಿ ಬಂದಿರುವ ಸಂಗತಿ. ಹೋದವರ ವಿಷಯದಲ್ಲಿ ಕೆಟ್ಟದ್ದನ್ನು ಆಡಬಾರದೆಂಬ ಮರ್ಯಾದೆಗೆ ಅದರದೇ ಆದ ಸೊಗಸೂ ಉಂಟು. ಆದರೆ ಆ ಮಾತುಗಳ ನಡುವೆ ಗೋಡೆಗೊರಗಿ ಕುಳಿತ ಮಗನೋ ಮಗಳೋ, ಬಾಲ್ಯದಲ್ಲಿ ಆ ತಂದೆಯ ಏಟನ್ನೋ, ಆ ತಾಯಿಯ ಚುಚ್ಚುಮಾತನ್ನೋ, ಅಥವಾ ಏಟಿಗಿಂತಲೂ ಮಾತಿಗಿಂತಲೂ ಕಠಿನವಾದ ವರ್ಷಗಟ್ಟಲೆಯ ಮೌನವನ್ನೋ ಉಂಡು ಬೆಳೆದವರಾಗಿದ್ದರೆ, ಅವರ ಅಂತರಂಗದಲ್ಲಿ ನಡೆಯುವ ಕಲಾಪವೇ ಬೇರೆ. ಅಳು ಬರಬೇಕಾದ ಹೊತ್ತಿನಲ್ಲಿ ಬಾರದು. ಎದೆ ಹಗುರಾದಂತೆ ಆಗುತ್ತದೆ. ಹಗುರಾಯಿತಲ್ಲಾ ಎಂದು ನಾಚಿಕೆಯಾಗುತ್ತದೆ. ತಿಂಗಳುಗಳ ತರುವಾಯ ಬಸ್ಸಿನಲ್ಲಿ ಯಾರೋ ಮುದುಕರು ಕೆಮ್ಮಿದ ಬಗೆಯನ್ನು ಕೇಳಿ ಕಣ್ಣು ತುಂಬಿ ಬಂದು, ಯಾರಿಗಾಗಿ ಅಳುತ್ತಿದ್ದೇವೆಂಬುದೇ ತಿಳಿಯದಂತಾಗುತ್ತದೆ. ಇದನ್ನು ಒಬ್ಬರೊಡನೆ ಹೇಳಹೊರಟರೆ, “ಎಷ್ಟಾದರೂ ಹೆತ್ತವರಲ್ಲವೇ, ಬಿಟ್ಟುಬಿಡಪ್ಪಾ” ಎಂಬ ಒಂದೇ ಉತ್ತರ. ಸಮಾಜವು ಒಪ್ಪಿಕೊಳ್ಳಲೂ ಸಂತೈಸಲೂ ಮುಂದೆ ಬಾರದ ಇಂತಹ ದುಃಖಗಳನ್ನು ಅಮೆರಿಕೆಯ ಕೆನೆತ್ ಡೋಕಾ ಅವರು 1989ರಲ್ಲಿ ಒಂದೆಡೆ ಸೇರಿಸಿ, ಹಕ್ಕಿನಿಂದ ವಂಚಿತವಾದ ಶೋಕಗಳೆಂದು ಹೆಸರಿಸಿ, ಶಾಸ್ತ್ರದೊಳಗೆ ಅವಕ್ಕೊಂದು ಸ್ಥಾನವನ್ನು ದೊರಕಿಸಿಕೊಟ್ಟರು.

ಇದನ್ನು ಶಾಸ್ತ್ರದ ದೃಷ್ಟಿಯಿಂದ ನೋಡಲು ಮೊದಮೊದಲು ತೊಡಗಿದವರಲ್ಲಿ ಒಬ್ಬನಾದ ಸಿಗ್ಮಂಡ್ ಫ್ರಾಯ್ಡ್, ಅದರ ಪ್ರಥಮ ಪಾಠವನ್ನು ಕಲಿತದ್ದು ತನ್ನ ಸ್ವಂತ ತಂದೆಯ ಮರಣದಿಂದ. ಉಣ್ಣೆಯ ವ್ಯಾಪಾರಿಯಾಗಿದ್ದ ಯಾಕೋಬ್ ಫ್ರಾಯ್ಡ್ 1896ರ ಅಕ್ಟೋಬರ್ 23ರಂದು ವಿಯೆನ್ನಾದಲ್ಲಿ ತೀರಿಕೊಂಡಾಗ ಮಗನಿಗೆ ನಲವತ್ತು ವರ್ಷ. ಯಾಕೋಬ್ ಕ್ರೂರಿಯಾಗಿರಲಿಲ್ಲ, ಸಾಧುವೇ. ಮಗನ ಅಸಮಾಧಾನಕ್ಕೆ ಆ ಸಾಧುತ್ವವೇ ಕಾರಣವಾಗಿದ್ದಿತು. ಸಿಗ್ಮಂಡನಿಗೆ ಹತ್ತು ಹನ್ನೆರಡು ವಯಸ್ಸಾಗಿದ್ದಾಗ, ಜೊತೆಯಲ್ಲಿ ವಾಯುವಿಹಾರಕ್ಕೆ ಹೊರಟ ತಂದೆ, ಯೆಹೂದ್ಯರಿಗೆ ಈಗ ಕಾಲ ಎಷ್ಟು ಒಳ್ಳೆಯದಾಗಿದೆಯೆಂಬುದನ್ನು ತೋರಿಸಲು ತನ್ನ ಯೌವನದ ಒಂದು ಘಟನೆಯನ್ನು ಹೇಳಿದನಂತೆ: ಶನಿವಾರದ ದಿನ, ಒಳ್ಳೆಯ ಉಡುಪು ಧರಿಸಿ, ತುಪ್ಪಳದ ಹೊಸ ಟೋಪಿಯನ್ನಿಟ್ಟು ಬೀದಿಯಲ್ಲಿ ಹೋಗುತ್ತಿದ್ದಾಗ, ಎದುರಿಗೆ ಬಂದ ಕ್ರೈಸ್ತನೊಬ್ಬನು ಆ ಟೋಪಿಯನ್ನು ಕೆಸರಿಗೆ ಹೊಡೆದು ಕೆಡವಿ, ಕಾಲುದಾರಿಯಿಂದ ಕೆಳಗಿಳಿಯೆಂದು ಅಬ್ಬರಿಸಿದನು. “ನೀವೇನು ಮಾಡಿದಿರಿ?” ಎಂದು ಬಾಲಕನ ಪ್ರಶ್ನೆ. ಕೆಳಗಿಳಿದು ಟೋಪಿಯನ್ನು ಎತ್ತಿಕೊಂಡೆನೆಂದು ತಂದೆಯ ಶಾಂತವಾದ ಉತ್ತರ. ಬಾಲಕನ ಮನಸ್ಸು ಅಂದೇ ಆ ತಂದೆಯನ್ನು ಬದಿಗಿರಿಸಿ, ರೋಮನ್ನರ ಮೇಲೆ ಸೇಡು ತೀರಿಸುವೆನೆಂದು ಮಗ ಹನಿಬಾಲನಿಂದ ಪ್ರಮಾಣ ಮಾಡಿಸಿದ ಹಮಿಲ್ಕಾರನನ್ನು ಆ ಪೀಠದಲ್ಲಿ ಕುಳ್ಳಿರಿಸಿತು. ಇದರಲ್ಲಿ ಒಂದು ಸ್ವಾರಸ್ಯವುಂಟು. ಈ ಪ್ರಸಂಗವನ್ನು ಫ್ರಾಯ್ಡ್ ತನ್ನ ಸ್ವಪ್ನಮೀಮಾಂಸೆಯ ಗ್ರಂಥದಲ್ಲಿ ಬರೆದಾಗ, ಹಮಿಲ್ಕಾರನ ಹೆಸರಿರಬೇಕಾದೆಡೆಯಲ್ಲಿ ಹನಿಬಾಲನ ಸೋದರನಾದ ಹಾಸ್ಡ್ರುಬಾಲನ ಹೆಸರು ಬಿದ್ದು, ಮೂರು ಬಾರಿ ಕರಡಚ್ಚು ತಿದ್ದಿದರೂ ಆತನ ಕಣ್ಣಿಗೆ ಬೀಳದೆ, ತಪ್ಪು ಹಾಗೆಯೇ ಅಚ್ಚಾಯಿತು. ತಂದೆಯನ್ನು ಕುರಿತ ಅಸಮಾಧಾನವನ್ನು ಅದುಮಿಟ್ಟುದರ ಫಲವಿದೆಂದು ಆತನೇ ಮುಂದೆ ಒಪ್ಪಿಕೊಂಡನು.

ತಂದೆಯ ಅಂತ್ಯಕ್ರಿಯೆಯ ದಿನ ಕ್ಷೌರದಂಗಡಿಯಲ್ಲಿ ಕಾಯಬೇಕಾಗಿ ಬಂದು, ಫ್ರಾಯ್ಡ್ ಸಾವಿನ ಮನೆಗೆ ತಡವಾಗಿ ಹೋದನು. ಕ್ರಿಯೆಯನ್ನು ಆಡಂಬರವಿಲ್ಲದೆ ನಡೆಸಬೇಕೆಂದು ಆತನು ನಿಶ್ಚಯಿಸಿದ್ದುದರಿಂದ ಮೊದಲೇ ಮುನಿದಿದ್ದ ಮನೆಯವರಿಗೆ ಇದೂ ಸೇರಿತು. ಆ ರಾತ್ರಿಯ ಕನಸಿನಲ್ಲಿ ಅದೇ ಅಂಗಡಿ, ಅಲ್ಲೊಂದು ಫಲಕ: ಕಣ್ಣುಗಳನ್ನು ಮುಚ್ಚಬೇಕೆಂದು ಕೋರಿಕೆ. ಸತ್ತವರ ರೆಪ್ಪೆಗಳನ್ನು ಮುಚ್ಚುವುದು ಮಗನ ಧರ್ಮವೆಂದೂ, ತಪ್ಪನ್ನು ಕಂಡೂ ಕಾಣದಂತೆ ಬಿಡಬೇಕೆಂದೂ ಅದಕ್ಕೆ ಎರಡರ್ಥ; ಎರಡೂ ಆತನಿಗೆ ಬೇಕಾಗಿದ್ದವು.

ಇಪ್ಪತ್ತು ವರ್ಷಗಳ ತರುವಾಯ, 1917ರಲ್ಲಿ ಪ್ರಕಟವಾದ ಶೋಕವನ್ನೂ ವಿಷಾದವನ್ನೂ ಕುರಿತ ಪ್ರಬಂಧದಲ್ಲಿ, ಆತನು ಇದನ್ನು ಸಿದ್ಧಾಂತವನ್ನಾಗಿ ನಿಲ್ಲಿಸಿದನು. ಪ್ರೀತಿಯೂ ದ್ವೇಷವೂ ಒಂದೇ ವ್ಯಕ್ತಿಯಲ್ಲಿ ಹೆಣೆದುಕೊಂಡಿದ್ದು ಆ ವ್ಯಕ್ತಿ ಅಳಿದಾಗ, ಆಡಲಾಗದೆ ಉಳಿದ ಕೋಪವು ಹೊರಗೆ ಗುರಿಯಿಲ್ಲದೆ ಒಳಕ್ಕೆ ತಿರುಗಿ, ಶೋಕಿಸುವವನನ್ನೇ ಸುಡುತ್ತದೆ. ಸಹಜವಾದ ಶೋಕ ವ್ಯಾಧಿಯಾಗುವುದು ಹೀಗೆ. ಶೋಕದ ಕಾರ್ಯವೇನೆಂದರೆ, ಮೃತರಿಗೆ ಕಟ್ಟಿದ ಬಂಧನವನ್ನು ಒಂದೊಂದು ನೆನಪಾಗಿ ಬಿಚ್ಚಿ ಮನಸ್ಸನ್ನು ಮುಕ್ತಗೊಳಿಸುವುದು. ಈ ಎರಡು ಮಾತುಗಳನ್ನೂ ವೈದ್ಯಲೋಕವು ಬಹುಕಾಲ ಅಳೆದು ನೋಡದೆಯೇ ನಂಬಿಕೊಂಡು ಬಂದಿತು.

ಅಳೆದು ನೋಡುವುದಕ್ಕೆ, ಸಾವಿಗೆ ಮುಂಚೆಯೇ ಸಂಬಂಧ ಹೇಗಿತ್ತೆಂಬುದನ್ನು ಬರೆದಿಟ್ಟುಕೊಂಡಿರಬೇಕಲ್ಲವೇ? ಸತ್ತ ಮೇಲೆ ವಿಚಾರಿಸಿದರೆ ನೆನಪು ಬಣ್ಣ ಬಳಿದಿರುತ್ತದೆ. ಈ ತೊಡಕನ್ನು ನಿವಾರಿಸಿಕೊಂಡ ಕೆಲವೇ ಅಧ್ಯಯನಗಳಲ್ಲಿ ಒಂದು 1980ರ ದಶಕದ ಕೊನೆಯಲ್ಲಿ ಅಮೆರಿಕೆಯ ಡೆಟ್ರಾಯಿಟ್ ಸೀಮೆಯಲ್ಲಿ ಆರಂಭವಾಯಿತು. 1,532 ಮಂದಿ ವಿವಾಹಿತ ವೃದ್ಧರನ್ನು ಮೊದಲು ಮಾತನಾಡಿಸಿ, ಅವರಲ್ಲಿ ಸಂಗಾತಿಯನ್ನು ಕಳೆದುಕೊಂಡವರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ದಾಂಪತ್ಯದಲ್ಲಿ ಕಲಹ ಹೆಚ್ಚಾಗಿದ್ದವರಲ್ಲಿ ಆರು ತಿಂಗಳ ಮೇಲೆ ಮೃತರಿಗಾಗಿ ಹಂಬಲ ಕಡಮೆಯೇ ಕಂಡುಬಂದಿತು, ಫ್ರಾಯ್ಡನ ಊಹೆಗೆ ವಿರುದ್ಧವಾಗಿ. ಜಾರ್ಜ್ ಬೊನಾನೊ ಅವರೂ ಸಂಗಡಿಗರೂ 2002ರಲ್ಲಿ 205 ಮಂದಿಯ ವಿವರಗಳನ್ನು ವಿಂಗಡಿಸಿದಾಗ, ಸುಮಾರು ನೂರಕ್ಕೆ 46 ಮಂದಿ ದೊಡ್ಡ ಖಿನ್ನತೆಗೆ ಬೀಳದೆ ನಡೆದುಕೊಂಡು ಹೋದದ್ದೂ, ನೂರಕ್ಕೆ 10ರಷ್ಟು ಮಂದಿ ಮೊದಲಿದ್ದ ಖಿನ್ನತೆಯಿಂದ ಸಾವಿನ ತರುವಾಯ ಚೇತರಿಸಿಕೊಂಡದ್ದೂ ತಿಳಿದುಬಂದಿತು. ಆದಕಾರಣ ಎದೆ ಹಗುರಾಗುವುದು ಪಾಪವೂ ಅಲ್ಲ, ಅಪೂರ್ವವೂ ಅಲ್ಲ. ಗೋಡೆಗೊರಗಿ ಕುಳಿತವರಿಗೆ ಈ ಒಂದು ಸಂಗತಿಯನ್ನು ಹೇಳುವವರಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ಹಾಗೆಂದು ಗಂಡಹೆಂಡಿರ ಲೆಕ್ಕವನ್ನು ತಾಯಿತಂದೆಯರಿಗೆ ಇದ್ದಂತೆಯೇ ಅನ್ವಯಿಸುವುದು ಸಾಧುವಾಗದು. ಸಂಗಾತಿ ದೊರೆಯುವುದು ಬುದ್ಧಿ ಬಲಿತ ಮೇಲೆ. ತಾಯಿತಂದೆಯರು ದೊರೆಯುವುದು ಬುದ್ಧಿಯೆಂಬುದು ಇನ್ನೂ ಕಣ್ಣು ಬಿಡದಿರುವಾಗ. ಶಿಶುವಿಗೂ ಪಾಲಕರಿಗೂ ನಡುವಣ ಅನುಬಂಧವನ್ನು ಮೂರು ಸಂಪುಟಗಳಲ್ಲಿ, 1969ರಿಂದ 1980ರವರೆಗೆ, ವಿವರಿಸಿದ ಇಂಗ್ಲೆಂಡಿನ ಜಾನ್ ಬೌಲ್ಬಿಯು ಇದನ್ನು ಹಸಿವಿನಷ್ಟೇ ಮೂಲಭೂತವಾದ ಪ್ರವೃತ್ತಿಯೆಂದು ಎಣಿಸಿದನು. ಇದರ ಬಲವನ್ನು ವಿಸ್ಕಾನ್ಸಿನ್ನಿನಲ್ಲಿ ಹ್ಯಾರಿ ಹಾರ್ಲೋ ಕೋತಿಮರಿಗಳ ಮೇಲೆ ನಡೆಸಿದ, ಇಂದು ಓದಿದರೆ ಮೈ ಜುಮ್ಮೆನ್ನಿಸುವ ಪ್ರಯೋಗಗಳಲ್ಲಿ ಕಾಣಬಹುದು. ಹಾಲು ಕೊಡುವ ತಂತಿಯ ತಾಯಿಯನ್ನು ಬಿಟ್ಟು, ಹಾಲಿಲ್ಲದ ಮೆತ್ತನೆಯ ಬಟ್ಟೆಯ ತಾಯಿಯನ್ನೇ ಮರಿಗಳು ಅಪ್ಪಿಕೊಂಡವೆಂಬುದು ಬಹುಮಂದಿಗೆ ತಿಳಿದ ಕಥೆ. ಅಷ್ಟಾಗಿ ತಿಳಿಯದ ಮುಂದಿನ ಕಥೆಯೇನೆಂದರೆ, ಅದೇ ಬಟ್ಟೆಯ ತಾಯಿಯ ಒಳಗಿನಿಂದ ಗಾಳಿಯು ಬಿರುಸಾಗಿ ನುಗ್ಗಿ ಮರಿಯ ಮೈಗೆ ಹೊಡೆಯುವಂತೆ ಏರ್ಪಡಿಸಿದಾಗ, ಮರಿ ಓಡಿಹೋಗಲಿಲ್ಲ. ಹೆದರಿದಷ್ಟೂ ಆ ತಾಯಿಯನ್ನೇ ಇನ್ನೂ ಬಿಗಿಯಾಗಿ ತಬ್ಬಿಕೊಂಡಿತು. ಭಯವಾದರೆ ತಾಯಿಯ ಬಳಿಗೆ ಓಡು ಎಂಬುದೊಂದೇ ಪ್ರಕೃತಿಯು ಅದಕ್ಕೆ ಕಲಿಸಿರುವ ವಿದ್ಯೆ. ಭಯವು ತಾಯಿಯಿಂದಲೇ ಹುಟ್ಟಿದರೆ ಏನು ಮಾಡಬೇಕೆಂಬುದನ್ನು ಅದು ಕಲಿಸಿಲ್ಲ. ಕಠೋರವಾದ ತಂದೆಯ ಒಂದು ಒಳ್ಳೆಯ ಮಾತಿಗಾಗಿ ಐವತ್ತರ ವಯಸ್ಸಿನಲ್ಲೂ ಕಾಯುತ್ತಿರುವವರನ್ನು ಕಂಡು ನಗುವ ಮುನ್ನ ಈ ಮರಿಯನ್ನು ನೆನೆಯಬೇಕು.

ಮಕ್ಕಳು ತೀರಿಸಬೇಕಾದ ಪಿತೃಋಣದ ಮಾತನ್ನು ನಮ್ಮವರು ಬಹಳವಾಗಿ ಆಡಿದ್ದಾರೆ. ಮಕ್ಕಳಿಗೆ ಬರಬೇಕಾಗಿದ್ದು ಬಾರದೆ ಉಳಿದ ಬಾಕಿಯ ಮಾತನ್ನು ಆಡಿದವರು ವಿರಳ. ತಂದೆ ಬದುಕಿರುವವರೆಗೆ, ಎಷ್ಟೇ ಕ್ಷೀಣವಾಗಿರಲಿ, ಆ ಬಾಕಿ ಎಂದಾದರೊಂದು ದಿನ ಸಂದೀತೆಂಬ ಆಸೆ ಉಸಿರಾಡುತ್ತಲೇ ಇರುತ್ತದೆ. ಸಾವು ಬಂದು ಆ ಆಸೆಯನ್ನೂ ಕೊಂಡೊಯ್ಯುತ್ತದೆ. ನನ್ನ ಎಣಿಕೆಯಲ್ಲಿ, ಇಂತಹ ಮಕ್ಕಳು ಅಳುವುದು ಬಹುಮಟ್ಟಿಗೆ ಆ ಆಸೆಯ ಸಾವಿಗಾಗಿ, ಎಂದೂ ಇಲ್ಲದಿದ್ದ ಆ ಇನ್ನೊಬ್ಬ ತಂದೆಗಾಗಿ. ಇದಕ್ಕೆ ಮಿದುಳಿನಲ್ಲಿ ಆಧಾರವುಂಟೇ ಎಂದು ಕೇಳಿದರೆ, ಪೂರ್ಣವಾದ ಉತ್ತರವಲ್ಲದಿದ್ದರೂ ಒಂದು ಸೂಚನೆಯುಂಟು. ಮೇರಿ-ಫ್ರಾನ್ಸಿಸ್ ಓಕಾನರ್ ಅವರು, ಸ್ತನಕ್ಯಾನ್ಸರಿನಿಂದ ತಾಯಿಯನ್ನೋ ಸೋದರಿಯನ್ನೋ ಕಳೆದುಕೊಂಡಿದ್ದ ಸ್ತ್ರೀಯರಿಗೆ ಮೃತರ ಚಿತ್ರವನ್ನು ತೋರಿಸಿ ಮಿದುಳಿನ ಸ್ಕ್ಯಾನ್ ತೆಗೆದು, 2008ರಲ್ಲಿ ಫಲವನ್ನು ಪ್ರಕಟಿಸಿದರು. ನೋವಿಗೆ ಸಂಬಂಧಿಸಿದ ಭಾಗಗಳು ಎಲ್ಲರಲ್ಲಿಯೂ ಚುರುಕಾದವು. ಆದರೆ ಶೋಕವು ಬಿಡದೆ ಕಾಡುತ್ತಿದ್ದವರಲ್ಲಿ ಮಾತ್ರ, ಬಯಸಿದ್ದು ದೊರೆತೀತೆಂಬ ನಿರೀಕ್ಷೆಯ ಕಾಲಕ್ಕೆ ಎಚ್ಚರಗೊಳ್ಳುವ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಪುಟ್ಟ ಭಾಗವೂ ಚುರುಕಾಯಿತು, ಹಂಬಲ ಹೆಚ್ಚಾಗಿದ್ದಷ್ಟೂ ಹೆಚ್ಚಾಗಿ. ಮಿದುಳು ಇನ್ನೂ ಕಾಯುತ್ತಿದೆಯೆಂದು ಇದನ್ನು ಓದಬಹುದು.

ಕಾಯುವಿಕೆ ಮುಗಿಯುವುದೆಂತು? ಹೋದವರು ಬದಲಾಗರು, ನಿಜ. ಆದರೆ ಅವರನ್ನು ಕುರಿತ ನಮ್ಮ ಸ್ಮೃತಿಯು ಶಿಲಾಶಾಸನವಲ್ಲ. ನೆನೆಯುವುದೆಂದರೆ ಪ್ರತಿಸಾರಿಯೂ ಹೊಸದಾಗಿ ಕಟ್ಟುವುದೆಂದು ಕೇಂಬ್ರಿಜ್‌ನ ಫ್ರೆಡೆರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದನು. 2000ದಲ್ಲಿ ಕರೀಮ್ ನಾದೆರ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ, ಒಂದು ಶಬ್ದಕ್ಕೆ ಹೆದರುವಂತೆ ಇಲಿಗಳಿಗೆ ಕಲಿಸಿ, ಮಾರನೆಯ ದಿನ ಅದನ್ನು ನೆನಪಿಗೆ ತಂದು, ಆ ಗಳಿಗೆಯಲ್ಲಿ ಮಿದುಳಿನ ಅಮಿಗ್ಡಲಾದಲ್ಲಿ ಪ್ರೋಟೀನಿನ ತಯಾರಿಕೆಯನ್ನು ಔಷಧಿಯಿಂದ ತಡೆದಾಗ, ಗಟ್ಟಿಯಾಗಿ ಕುಳಿತಿದ್ದ ಭಯದ ನೆನಪೇ ಕುಸಿಯಿತು. ನೆನಪಿಸದೆ ಔಷಧಿ ಕೊಟ್ಟ ಇಲಿಗಳಲ್ಲಿ ಅದು ಹಾಗೆಯೇ ಉಳಿಯಿತು. ನೆನೆದ ಸ್ಮೃತಿಯು ಮತ್ತೆ ಬಿಗಿಯಾಗುವ ಮುನ್ನ ಕೆಲಕಾಲ ಸಡಿಲವಾಗಿರುತ್ತದೆಯೆಂಬುದು ಇದರ ತಾತ್ಪರ್ಯ. ಇಲಿಯಿಂದ ಮನುಷ್ಯನಿಗೆ ದಾರಿ ದೂರ. ಆದರೂ ಫ್ರಾಯ್ಡನ ಕನಸನ್ನೇ ನೋಡಿ. 1896ರ ನವೆಂಬರಿನಲ್ಲಿ ಸ್ನೇಹಿತ ಫ್ಲೀಸನಿಗೆ ಬರೆದ ಪತ್ರದಲ್ಲಿ ಅದು ಅಂತ್ಯಕ್ರಿಯೆಯ ನಂತರದ ರಾತ್ರಿಯ ಕನಸು, ಕ್ಷೌರದಂಗಡಿಯ ಫಲಕ. ಗ್ರಂಥಕ್ಕೆ ಬರುವಷ್ಟರಲ್ಲಿ ಅಂತ್ಯಕ್ರಿಯೆಯ ಹಿಂದಿನ ರಾತ್ರಿಯ ಕನಸಾಗಿ, ಅಂಗಡಿ ಮಾಯವಾಗಿ, ಫಲಕವು ರೈಲ್ವೆ ನಿಲ್ದಾಣದ ಸೂಚನೆಯಂತೆ ತೋರುತ್ತದೆ.

ತಂದೆಗೂ ಆತನಿಗೂ ನಡುವಣ ನಂಟೂ ಹಾಗೆಯೇ ರೂಪ ಬದಲಿಸುತ್ತ ಹೋಯಿತು. ತಮ್ಮ ಅಲೆಕ್ಸಾಂಡರನೊಡನೆ 1904ರಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟವನ್ನೇರಿದಾಗ ಮನಸ್ಸಿಗೆ ಏಕೋ ಆ ನೋಟವನ್ನು ನಂಬಲಾಗದಂತಾದದ್ದನ್ನು, ರಾಮಕೃಷ್ಣ ವಿವೇಕಾನಂದರ ಚರಿತ್ರಕಾರನೆಂದು ನಮ್ಮವರಿಗೂ ಪರಿಚಿತನಾದ ರೊಮೇನ್ ರೋಲಾನಿಗೆ 1936ರಲ್ಲಿ, ತಾನು ಎಂಬತ್ತನ್ನು ಸಮೀಪಿಸಿದ್ದಾಗ, ಫ್ರಾಯ್ಡ್ ಬರೆದು ತಿಳಿಸಿದನು. ಪ್ರೌಢ ವಿದ್ಯಾಭ್ಯಾಸವಿಲ್ಲದ ವ್ಯಾಪಾರಿಯಾದ ತಂದೆಗೆ ಅಥೆನ್ಸ್ ಎಂದರೆ ಹೆಚ್ಚೇನೂ ಅಲ್ಲ. ಅಂತಹ ತಂದೆಯನ್ನು ಮೀರಿ ಬಂದೆನೆಂಬ ಅಳುಕು, ಪಿತೃಭಕ್ತಿಯೇ ಆದ ಒಂದು ಭಾವ, ಆನಂದಕ್ಕೆ ಅಡ್ಡ ಬಂದಿತೆಂಬುದು ಆತನ ವಿವರಣೆ. ಟೋಪಿಯನ್ನು ಎತ್ತಿಕೊಂಡುದಕ್ಕೆ ಹೇಡಿಯಾಗಿ ಕಂಡಿದ್ದವನು, ಅವಕಾಶ ಸಿಕ್ಕದ ಬಡ ಮನುಷ್ಯನಾಗಿ ಕಾಣಲು ಸಾವಿನ ತರುವಾಯವೂ ನಲವತ್ತು ವರ್ಷ ಹಿಡಿಯಿತು. ಬಂಧನವನ್ನು ಬಿಚ್ಚಬೇಕೆಂದು ವಿಧಿಸಿದವನು ತಾನು ಬಿಚ್ಚಲಿಲ್ಲ. ಡೆನಿಸ್ ಕ್ಲಾಸ್ ಮುಂತಾದವರು 1996ರ ತಮ್ಮ ಗ್ರಂಥದಲ್ಲಿ, ಮೃತರೊಡನೆ ನಂಟನ್ನು ಬೇರೊಂದು ರೂಪದಲ್ಲಿ ಮುಂದುವರಿಸುವುದೇ ಜನಸಾಮಾನ್ಯದ ರೀತಿಯೆಂದು ವಾದಿಸಿದಾಗ, ಫ್ರಾಯ್ಡನ ಬರಹವನ್ನು ಆತನ ಬಾಳೇ ತಿದ್ದಿದಂತಾಯಿತು.

ಶೋಕಕ್ಕೆ ಐದು ಮೆಟ್ಟಿಲುಗಳುಂಟೆಂಬ ಜನಪ್ರಿಯ ಮಾತನ್ನು ಇಲ್ಲಿ ಹುಡುಕಬೇಕಾಗಿಲ್ಲ. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಮೊದಲಿಗೆ ಸ್ವತಃ ಸಾವನ್ನು ಎದುರಿಸುತ್ತಿದ್ದ ರೋಗಿಗಳನ್ನು ಕುರಿತು. ಆದರೆ ತೀವ್ರವಾದ ಹಂಬಲವು ನಿತ್ಯದ ಬಾಳನ್ನೇ ಕೆಡಿಸುತ್ತ ಆರು ತಿಂಗಳನ್ನು ಮೀರಿ ಉಳಿದರೆ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ವರ್ಗೀಕರಣವೂ, ವರ್ಷವನ್ನು ಮೀರಿದರೆ ಅಮೆರಿಕೆಯ ಮನೋವೈದ್ಯರ 2022ರ ಕೈಪಿಡಿಯೂ ಅದನ್ನು ಚಿಕಿತ್ಸೆಗೆ ಯೋಗ್ಯವಾದ ವ್ಯಾಧಿಯೆಂದು ಎಣಿಸುತ್ತವೆ. ಅಂತಹವರು ವೈದ್ಯರನ್ನು ಕಾಣುವುದು ಲೇಸು.

ನಮ್ಮ ಉತ್ತರಕ್ರಿಯೆಗಳಲ್ಲಿ ಪಿಂಡವನ್ನಿಟ್ಟು ಕಾಗೆಗಾಗಿ ಕಾಯುವ ಗಳಿಗೆಯೊಂದುಂಟು. ಕಾಗೆ ಬಂದು ಸುತ್ತಲೂ ಹಾರಿ, ಮುಟ್ಟದೆ ಕೊಂಬೆಯ ಮೇಲೆ ಕುಳಿತುಬಿಟ್ಟರೆ, “ಏನೋ ಆಸೆ ಉಳಿದಿದೆ” ಎಂದು ಹಿರಿಯರು ಗೊಣಗುತ್ತಾರೆ. ಆಗ ಮಗನು ಎಲ್ಲರೂ ಕೇಳುವಂತೆ, ತಂಗಿಯ ಮದುವೆ ಮಾಡುತ್ತೇನೆ, ತಮ್ಮನನ್ನು ಓದಿಸುತ್ತೇನೆ ಎಂದು ಒಂದೊಂದಾಗಿ ಮಾತು ಕೊಡುತ್ತ ಹೋಗುತ್ತಾನೆ. ಸತ್ತವರ ಈಡೇರದ ಆಸೆಗೆ ಇಷ್ಟು ಚೆನ್ನಾಗಿ ಎಡೆ ಮಾಡಿಕೊಟ್ಟ ಈ ವಿಧಿಯಲ್ಲಿ ಬದುಕಿರುವವರ ದೂರಿಗೆ ಮಾತ್ರ ಎಡೆಯಿಲ್ಲ. ಫ್ರಿಟ್ಸ್ ಪರ್ಲ್ಸನು ಪ್ರಸಿದ್ಧಿಗೆ ತಂದು, ಕೆನಡಾದ ಲೆಸ್ಲಿ ಗ್ರೀನ್‌ಬರ್ಗ್ ಅವರು ಪರಿಷ್ಕರಿಸಿದ ಖಾಲಿ ಕುರ್ಚಿಯ ಚಿಕಿತ್ಸೆ ತುಂಬಿಕೊಡುವುದು ಈ ಕೊರತೆಯನ್ನು. ಎದುರಿಗೊಂದು ಬರಿದಾದ ಕುರ್ಚಿ. ಅದರಲ್ಲಿ ತಂದೆಯೋ ತಾಯಿಯೋ ಕುಳಿತಿರುವರೆಂದು ಭಾವಿಸಿ, ಆಡದೆ ಉಳಿದುದನ್ನು ಚಿಕಿತ್ಸಕರ ಸಮ್ಮುಖದಲ್ಲಿ ಆಡುವುದು. ಆಮೇಲೆ ಎದ್ದು ಆ ಕುರ್ಚಿಯಲ್ಲೇ ಕುಳಿತು, ಅವರಾಗಿ ಉತ್ತರ ಕೊಡುವುದು. ಮೊದಲು ಬರುವುದು ಗೊಣಗು, ತರುವಾಯ ನೇರವಾದ ಕೋಪ, ಕೋಪ ಕರಗಿದಲ್ಲಿ ದುಃಖ, ದುಃಖದ ಕೆಳಗೆ ತನಗೆ ಏನು ಬೇಕಾಗಿತ್ತೆಂಬ ಸರಳವಾದ ಮಾತು. ಸ್ಯಾಂಡ್ರಾ ಪೈವಿಯೋ ಮತ್ತು ಗ್ರೀನ್‌ಬರ್ಗ್ 1995ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೀಗೆ ಉಳಿದುಹೋದ ವ್ಯವಹಾರವುಳ್ಳ 34 ಮಂದಿಯ ಪೈಕಿ ಕುರ್ಚಿಯೊಡನೆ ಮಾತನಾಡಿದವರು, ವಿಷಯವನ್ನು ಕುರಿತು ಗುಂಪಿನಲ್ಲಿ ಕಲಿತಷ್ಟೇ ಮಾಡಿದವರಿಗಿಂತ ಹೆಚ್ಚು ಗುಣಹೊಂದಿದರು. ತಿಂಗಳುಗಳ ಮೇಲೂ ಆ ಗುಣ ನಿಂತಿತು.

ಈ ಚಿಕಿತ್ಸೆಯಲ್ಲಿ ಮಾತು ಮುಗಿಯಿತೆಂದು ಎಣಿಸುವುದು ಎರಡು ಸಂದರ್ಭಗಳಲ್ಲಿ. ಒಂದು, ಕುರ್ಚಿಯಲ್ಲಿರುವವರ ಕಷ್ಟವನ್ನು ಕಂಡು ಅವರನ್ನು ಮನ್ನಿಸಿದಾಗ. ಇನ್ನೊಂದು, ಮನ್ನಿಸದೆ, ಆಗ ನಾನು ಮಗು, ತಪ್ಪು ನಿನ್ನದು, ಇನ್ನು ಮೇಲೆ ಅದನ್ನು ನಾನು ಹೊರುವುದಿಲ್ಲವೆಂದು ಕುಗ್ಗದ ದನಿಯಲ್ಲಿ ಹೇಳಿ, ಎದ್ದು ಬಂದಾಗ. ಚಿಕಿತ್ಸಕರು ತಮ್ಮ ದಾಖಲೆಯಲ್ಲಿ ಎರಡನ್ನೂ ಸಮವಾಗಿ, ಬಗೆಹರಿದ ಪ್ರಕರಣಗಳೆಂದೇ ಬರೆದುಕೊಳ್ಳುತ್ತಾರೆ.