ಸಾಕ್ಷಿಯಾದ ದೈವ: ಯೆರೆಮೀಯನ ವಾಣಿಯೂ ಮಂಟೇಸ್ವಾಮಿಯ ಕಾವ್ಯವೂ

ಸಾಕ್ಷಿಶಬ್ದವನ್ನು ಪಾಣಿನಿಯು ಪ್ರತ್ಯಕ್ಷವಾಗಿ ಕಂಡವನೆಂಬ ಅರ್ಥದಲ್ಲಿ ಸಾಧಿಸಿರುವನು. ವೇದಾಂತಿಗಳು ಅದನ್ನು ಆತ್ಮನಲ್ಲಿ ಪ್ರಯೋಗಿಸುವಾಗ, ಕಾಣುವನೇ ಹೊರತು ಯಾವುದರಲ್ಲಿಯೂ ತೊಡಗದ ಉದಾಸೀನನೆಂಬ ಭಾವವನ್ನು ಸೇರಿಸುತ್ತಾರೆ. ಆದರೆ ಅನ್ಯಾಯವನ್ನು ಕಂಡ ದೈವವು ಉದಾಸೀನವಾಗಿರಬಹುದೆ? ಈ ಪ್ರಶ್ನೆಗೆ ಯೆಹೂದ್ಯರ ಪ್ರವಾದಿಗ್ರಂಥಗಳೂ, ಚಾಮರಾಜನಗರ ಗುಂಡ್ಲುಪೇಟೆಗಳ ಸೀಮೆಯಲ್ಲಿ ನೀಲಗಾರರು ಹಾಡುತ್ತ ಬಂದಿರುವ ಮಂಟೇಸ್ವಾಮಿಯ ಕಾವ್ಯವೂ ಕೊಡುವ ಉತ್ತರಗಳು ಹೋಲಿಸಿ ನೋಡತಕ್ಕವಾಗಿವೆ.

ಕನ್ನಡ ಬೈಬಲಿನಲ್ಲಿ ಬರುವ ಪ್ರವಾದಿಯೆಂಬ ಪದಕ್ಕೆ ಭವಿಷ್ಯವನ್ನು ನುಡಿಯುವವನೆಂದಷ್ಟೇ ಅರ್ಥಮಾಡುವುದುಂಟು. ಅಷ್ಟು ಸಾಲದು. ಕ್ರಿ. ಪೂ. 8ನೆಯ ಶತಮಾನದ ಆಮೋಸನು ಕುರಿ ಕಾಯುವವನು. ಆತನ ವಾಣಿಗೆ ಆಧಾರವು ಮುಂದೆ ಆಗುವುದಲ್ಲ, ಆಗಲೇ ನಡೆದುಹೋದುದು: ಕಳ್ಳ ತಕ್ಕಡಿ, ಕೆರಗಳ ಬೆಲೆಗೆ ಬಡವನ ವಿಕ್ರಯ, ಊರಬಾಗಿಲ ನ್ಯಾಯಸಭೆಯಲ್ಲಿ ಲಂಚ. ಮುಂದಿನ ಶತಮಾನದ ಕೊನೆಯಲ್ಲಿ ಯೆರೆಮೀಯನು ಯೆರೂಸಲೇಮಿನ ದೇವಾಲಯದ ಬಾಗಿಲಲ್ಲಿಯೇ ನಿಂತು, ಪರದೇಶಿ ಅನಾಥ ವಿಧವೆಯರನ್ನು ಹಿಂಸಿಸಿದವರು ಆಲಯದೊಳಗೆ ಬಂದು ತಾವು ಸುರಕ್ಷಿತರೆಂದು ನಂಬಿರುವುದನ್ನು ಖಂಡಿಸಿದನು. ಆ ಮನೆಯು ಕಳ್ಳರ ಗವಿಯಾದುದನ್ನು ತಾನೇ ಕಂಡಿರುವೆನೆಂಬುದು ಅಲ್ಲಿ ಯೆಹೋವನ ಮಾತು. ಕಂಡುದರ ಫಲವು ತೀರ್ಪು. ತನ್ನ ಆಲಯಕ್ಕೂ ಅದರಿಂದ ವಿನಾಯಿತಿಯಿಲ್ಲ. ಕ್ರಿ. ಪೂ. 586ರ ಸುಮಾರಿಗೆ ಬಾಬಿಲೋನಿನವರು ಆ ಆಲಯವನ್ನು ಸುಟ್ಟರು.

ನೀಲಗಾರರ ಕಾವ್ಯದಲ್ಲಿಯೂ ಪರೀಕ್ಷೆ ನಡೆಯುವುದು ಅಧರ್ಮಿಗಳ ಊರಿನಲ್ಲಲ್ಲ, ಭಕ್ತಿಗೆ ಹೆಸರಾದ ಕಲ್ಯಾಣದಲ್ಲಿ. ದಾಸೋಹದ ಆಸೆಗೆ ಲಾಂಛನ ಧರಿಸಿದವರು ಅಲ್ಲಿ ಸೇರಿರುವರು. ಪರಂಜ್ಯೋತಿಯಾದ ಮಂಟೇಸ್ವಾಮಿಯು ಮೈಯೆಲ್ಲ ವ್ರಣವಾಗಿ, ಹೆಂಡವನ್ನೂ ಸತ್ತ ಕರುವನ್ನೂ ಹೊತ್ತು ಬರುವನು. ಬಾಗಿಲಲ್ಲಿ ತಡೆಯುಂಟಾಗುತ್ತದೆ, ಸ್ವಾಮಿಯು ತಿಪ್ಪೆಯಲ್ಲಿ ಮಲಗುತ್ತಾನೆ. ವೇಷಧಾರಿಗಳು ಹೇಸಿ ಓಡಿಹೋಗಲು, ಬಸವಣ್ಣ ನೀಲಮ್ಮರು ಮಾತ್ರ ಗುರುತಿಸಿ ಸೇವೆಮಾಡುವರು. ಹಾಡುವವರಿಗೆ ತಕ್ಕಂತೆ ಪಾಠಭೇದಗಳುಂಟು. ಇದು 12ನೆಯ ಶತಮಾನದ ಚರಿತ್ರೆಯೂ ಅಲ್ಲ; ಆ ಶತಮಾನದ ಆದರ್ಶವನ್ನು ಅನಂತರದವರು ಒರೆಗೆ ಹಚ್ಚಿದ ಬಗೆ. ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಪಾಠವು 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಗಿದೆ.

ಎರಡರಲ್ಲಿಯೂ ಬಾಗಿಲೇ ನ್ಯಾಯಸ್ಥಾನವಾಗಿರುವುದು ಗಮನಾರ್ಹ. ಭೇದವೂ ಸ್ಪಷ್ಟ. ಯೆಹೋವನು ಕಂಡುದನ್ನು ಪ್ರವಾದಿಯ ಬಾಯಿಂದ ಹೇಳಿಸುವನು. ದೂತನು ಬೇರೆ, ದೈವವು ಬೇರೆ. ಮಂಟೇಸ್ವಾಮಿಯ ಕಾವ್ಯದಲ್ಲಿಯಾದರೋ ದೈವವೇ ತಿರಸ್ಕೃತನ ದೇಹದಲ್ಲಿ ಬಂದು, ತಿರಸ್ಕಾರವನ್ನು ತಾನೇ ಅನುಭವಿಸಿ ಅರಿಯುತ್ತದೆ. ಮೊದಲನೆಯದು ನೋಡಿದವನ ಸಾಕ್ಷ್ಯ, ಎರಡನೆಯದು ನೊಂದವನ ಸಾಕ್ಷ್ಯ. ತಂಬೂರಿ ಹಿಡಿದು ಹಾಡುವ ನೀಲಗಾರರಲ್ಲಿ ದಲಿತ ಸಮುದಾಯದವರೇ ಅಧಿಕರೆಂಬುದನ್ನು ನೆನೆದರೆ ಈ ಭೇದಕ್ಕೆ ಕಾರಣವು ತಿಳಿಯುತ್ತದೆ. ಬಾಗಿಲಲ್ಲಿ ತಡೆದವರ ಮಾತನ್ನು ಯಾವ ಸಭೆಯೂ ಸಾಕ್ಷ್ಯವೆಂದು ಕೊಳ್ಳದಿದ್ದಾಗ, ಅವರು ದೈವವನ್ನೇ ತಮ್ಮ ಪಕ್ಕದಲ್ಲಿ ನಿಲ್ಲಿಸಿದರು.

ಆದುದರಿಂದ ಈ ಕಾವ್ಯವನ್ನು ಪಾಠಹೇಳುವಾಗ ಪವಾಡಕಥೆಯೆಂದು ಮುಗಿಸುವುದು ಯುಕ್ತವಲ್ಲ. ಸಾಕ್ಷಿಯು ಉದಾಸೀನನೆಂಬ ಲಕ್ಷಣವು ಮೋಕ್ಷಶಾಸ್ತ್ರಕ್ಕೆ ಸಲ್ಲಬಹುದು; ನ್ಯಾಯವನ್ನು ಬೇಡುವವನಿಗೆ ಅಂಥ ಸಾಕ್ಷಿಯಿಂದ ಪ್ರಯೋಜನವಿಲ್ಲ.